ಏಳನೇ ಹೋಲಿನ ಏರಿನಲ್ಲಿ ನಿಂತುಹೋಗುತ್ತಿದ್ದ ಮೋವರ್

ಟಿಕ್.

ಕೀ ತಿರುಗಿಸಿದರೆ ಬಾನೆಟ್ಟಿನ ಒಳಗಿಂದ ಒಂದೇ ಒಂದು ಟಿಕ್, ಆಮೇಲೆ ಏನೂ ಇಲ್ಲ. ಮೂವತ್ತು ವರ್ಷ ನನ್ನ ಬೆಳಗುಗಳು ಹೆಚ್ಚಾಗಿ ಶುರುವಾದದ್ದು ಹಾಗೆ. ಏಳೂವರೆಗೆ ಶೆಡ್ಡಿನ ಬಾಗಿಲು ಸರಿಸುವಾಗ ಮಂಜು ಇನ್ನೂ ಹುಲ್ಲಿನ ಮೇಲೆಯೇ ಕೂತಿರುತ್ತಿತ್ತು. ಒಳಗೆ ಪೆಟ್ರೋಲು, ಹಸಿ ಹುಲ್ಲು, ಹಳೇ ಗ್ರೀಸು ಎಲ್ಲ ಸೇರಿದ ಒಂದು ವಾಸನೆ. ಸೀಟಿನ ಮೇಲೆ ಯಾರಾದರೂ ಕೂತು ಕೀ ತಿರುಗಿಸಿ, ಟಿಕ್ ಅನಿಸಿ, ನನ್ನ ಮುಖ ನೋಡುತ್ತಿದ್ದರು.

ಮೋವರ್ ಎಂದರೆ ಕೈಯಲ್ಲಿ ತಳ್ಳುವ ಮಷೀನ್ ಅಲ್ಲ. ಮೇಲೆ ಕೂತು ಓಡಿಸುವಂಥದ್ದು, ಚಿಕ್ಕ ಟ್ರ್ಯಾಕ್ಟರ್ ಹಾಗೆ, ಹೊಟ್ಟೆಯ ಕೆಳಗೆ ಮೂರು ಬ್ಲೇಡು. ಸಿದ್ದಾಪುರದ ಹತ್ತಿರ ಪ್ಲಾಂಟರ್‌ಗಳ ಒಂದು ಕ್ಲಬ್ಬು, ಅದಕ್ಕೊಂದು ಒಂಬತ್ತು ಹೋಲಿನ ಗಾಲ್ಫ್ ಮೈದಾನ, ಆ ಮೈದಾನಕ್ಕೆ ಇಂಥ ಎರಡು ಮೋವರ್. ಅವುಗಳ ಕರೆಂಟಿನ ಕಾಯಿಲೆ ನೋಡುವುದು ನನ್ನ ಕೆಲಸ.

ಮೊನ್ನೆ ಪಾಲಿಟೆಕ್ನಿಕ್ ಓದುವ ಇಬ್ಬರು ಹುಡುಗಿಯರು ಕುಶಾಲನಗರದ ನನ್ನ ಮನೆಗೆ ಬಂದಿದ್ದರು. ಯಾವುದೋ ರೆಸಾರ್ಟಿನಲ್ಲಿ ಟ್ರೇನಿಂಗ್ ಅಂತೆ. ಅಲ್ಲಿನ ಮೋವರ್‌ಗಳು ಕೆಟ್ಟರೆ ಸ್ಕ್ರೀನಿನ ಮೇಲೆ ಕೋಡ್ ಬರುತ್ತದೆಯಂತೆ, ಫೋನಿನಲ್ಲಿ ನೋಡಿದರೆ ಯಾವ ಪಾರ್ಟು ಬದಲಾಯಿಸಬೇಕೆಂದು ಅದೇ ಹೇಳುತ್ತದಂತೆ. ಅದೇನೂ ಇಲ್ಲದ ಕಾಲದಲ್ಲಿ ನೀವು ಹೇಗೆ ಮಾಡುತ್ತಿದ್ದಿರಿ ಮೇಡಂ, ಬರೆದುಕೊಡಿ ಎಂದರು. ಬರೆಯಲು ಕೂತಾಗ ಕೈ ಓಡುವುದಿಲ್ಲ. ಹೇಳಬೇಕಾದದ್ದು ಒಂದೇ ಒಂದು ಇದೆ, ಅದಕ್ಕೆ ಬರುವ ಮುಂಚೆ ಸುತ್ತುಮುತ್ತಲಿನದನ್ನೂ ಹೇಳಬೇಕು.

ನಾನು ಮೆಕ್ಯಾನಿಕ್ ಆಗಲೆಂದು ನಮ್ಮ ಮನೆಯಲ್ಲಿ ಯಾರೂ ಹರಕೆ ಹೊತ್ತಿರಲಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆನಿಂತ ಒಕ್ಕಲು ಮನೆತನ ನಮ್ಮದು. ಅಪ್ಪನಿಗೆ ಮಗಳು ಇಂಗ್ಲಿಷ್ ಮಾತಾಡಬೇಕು ಎಂಬ ಒಂದೇ ಹಟ. ಮಡಿಕೇರಿಯ ಕಾನ್ವೆಂಟಿಗೆ ಹಾಕಿದರು, ಬೋರ್ಡಿಂಗು. ಸಿಸ್ಟರ್‌ಗಳು ಕಲಿಸಿದ್ದು ಹೆಚ್ಚಾಗಿ ಹ್ಯಾಂಡ್‌ರೈಟಿಂಗು, ಹೆಮ್ಮಿಂಗು ಮತ್ತು ಪೋಸ್ಚರು. ಅಲ್ಲಿಂದ ಟೈಪಿಂಗ್ ಕಲಿತು ಕ್ಲಬ್ಬಿನ ಆಫೀಸಿಗೆ ಸೇರಿದೆ. ಸೇರಿದ ಮೂರನೇ ವರ್ಷ ಮೊದಲ ಮೋವರ್ ಬಂತು, ಲಾರಿಯಲ್ಲಿ, ಮರದ ಪೆಟ್ಟಿಗೆಯೊಳಗೆ. ಜೊತೆಗೆ ಇನ್ನೂರು ಪುಟದ ಮ್ಯಾನ್ಯುಯಲ್ಲು.

ಕ್ಲಬ್ಬಿನ ಮೆಕ್ಯಾನಿಕ್ ಮೊಯ್ದುಕ್ಕ, ಅವರ ಕಡೆ ಇಕ್ಕ ಎಂದರೆ ಅಣ್ಣ. ವಯನಾಡಿನಿಂದ ಬಂದವರು, ಜೀಪಿನಿಂದ ಹಿಡಿದು ಕಾಫಿ ಪಲ್ಪರ್‌ವರೆಗೆ ಎಲ್ಲವನ್ನೂ ಕಿವಿಯಿಂದಲೇ ರಿಪೇರಿ ಮಾಡುವವರು. ಇಂಗ್ಲಿಷ್ ಮಾತ್ರ ಓದಲು ಬಾರದು. ಒಂದು ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ನಿಂತು, ಮೋಳೆ, ಇದರಲ್ಲಿ ಎಂತ ಬರೆದಿದ್ದಾರೆ ಒಮ್ಮೆ ಓದು ಎಂದು ಮ್ಯಾನ್ಯುಯಲ್ ಚಾಚಿದರು. ಮೋಳೆ ಎಂದರೆ ಅವರ ಮಲಯಾಳದಲ್ಲಿ ಮಗಳೇ. ಓದಿದೆ. ಓದಿದ್ದನ್ನು ಕನ್ನಡ ಮಾಡಿದೆ. ವೈರಿಂಗ್ ಡಯಾಗ್ರಾಮಿನ ಪುಟ ಬಂದಾಗ ಕನ್ನಡ ಮಾಡಿದರೂ ಇಬ್ಬರಿಗೂ ಅರ್ಥವಾಗಲಿಲ್ಲ. ಮ್ಯಾನ್ಯುಯಲ್ ಹಿಡಿದು ಶೆಡ್ಡಿಗೆ ಹೋದೆ, ಪುಟದಲ್ಲಿದ್ದ ಗೆರೆಯನ್ನು ಮಷೀನಿನಲ್ಲಿದ್ದ ವೈರಿಗೆ ಹೊಂದಿಸುತ್ತಾ ಕೂತೆ. ಸಂಜೆ ಎದ್ದಾಗ ನನ್ನ ಸೀರೆಯ ನೆರಿಗೆಯಲ್ಲಿ ಗ್ರೀಸಿತ್ತು. ಅದು ಆಮೇಲೆ ಹೋಗಲೇ ಇಲ್ಲ, ನಾನೂ ಆಫೀಸಿಗೆ ವಾಪಸು ಹೋದದ್ದು ಅಷ್ಟಕ್ಕಷ್ಟೆ.

ಮೊಯ್ದುಕ್ಕ ಕಲಿಸಿದ್ದು ಸ್ವಲ್ಪವೇ, ಆದರೆ ಅದು ಮ್ಯಾನ್ಯುಯಲ್ಲಿನಲ್ಲಿ ಇರಲಿಲ್ಲ. ಒಂದೇ ಟಿಕ್ ಬಂದರೆ ಕರೆಂಟು ಅದನ್ನು ಮುಂದಕ್ಕೆ ಬಿಡುವ ಸೊಲೆನಾಯ್ಡ್‌ವರೆಗೆ ಬಂದಿದೆ, ಸ್ಟಾರ್ಟರ್ ಮೋಟರಿಗೆ ದಾಟುತ್ತಿಲ್ಲ. ತಗಡಿನ ಮೇಲೆ ಮಳೆ ಬಿದ್ದಂತೆ ಟಿಕಟಿಕಟಿಕ ಎಂದರೆ ಬ್ಯಾಟರಿಯಲ್ಲಿ ಜೀವ ಇಲ್ಲ. ಸದ್ದೇ ಇಲ್ಲವಾದರೆ ಫ್ಯೂಸು, ಕೀ, ಇಲ್ಲವೇ ಯಾವುದಾದರೂ ಸೇಫ್ಟಿ ಸ್ವಿಚ್ಚು. ಸಡಿಲವಾದ ಜಾಯಿಂಟು ಬಿಸಿಯಾಗುತ್ತದೆ, ಅದನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡು, ಬೆರಳಿನ ತುದಿ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಒಂದು ಬಲ್ಬು, ಎರಡು ವೈರು, ಎರಡು ಕ್ಲಿಪ್ಪು ಇಷ್ಟರಿಂದ ನನಗೊಂದು ಟೆಸ್ಟ್ ಲ್ಯಾಂಪ್ ಮಾಡಿಕೊಟ್ಟರು. ಕರೆಂಟು ಇದ್ದಲ್ಲಿ ಬಲ್ಬು ಉರಿಯುತ್ತದೆ, ಇಲ್ಲದಲ್ಲಿ ಇಲ್ಲ. ಮಲ್ಟಿಮೀಟರ್ ಬಂದದ್ದು ಎಷ್ಟೋ ವರ್ಷದ ಮೇಲೆ.

ತಪ್ಪುಗಳನ್ನು ಹೇಳದೆ ಹೋದರೆ ಹುಡುಗಿಯರಿಗೆ ಮೋಸ ಮಾಡಿದಂತೆ.

ಒಂದು ವರ್ಷ ಟೂರ್ನಮೆಂಟಿಗೆ ಮುಂಚೆ ಮೋವರ್ ಹಳೆಯದಾಗಿ ಕಾಣುತ್ತದೆಂದು ಪೂರ್ತಿ ಪೇಂಟ್ ಮಾಡಿಸಿದೆವು. ಚಾಸಿಗೆ ಬೋಲ್ಟ್ ಆಗಿದ್ದ ಅರ್ತ್ ವೈರನ್ನು ಬಿಚ್ಚಿ, ಆ ಜಾಗಕ್ಕೂ ಚೆನ್ನಾಗಿ ಎರಡು ಕೋಟು ಹೊಡೆಸಿ, ಮತ್ತೆ ಬಿಗಿದೆ. ಟೂರ್ನಮೆಂಟಿನ ಬೆಳಗ್ಗೆ ಟಿಕ್. ಬ್ಯಾಟರಿ ಬದಲಾಯಿಸಿದೆ, ಟಿಕ್. ಇನ್ನೊಂದು ಬ್ಯಾಟರಿ ತರಿಸಿದೆ, ಟಿಕ್. ಪೇಂಟಿನ ಮೂಲಕ ಕರೆಂಟು ಹೇಗೆ ಹಿಂದಕ್ಕೆ ಹೋಗಬೇಕು ಪಾಪ. ಮೊಯ್ದುಕ್ಕ ಬಂದು ಉಪ್ಪುಕಾಗದದಿಂದ ಆ ಬೋಲ್ಟಿನ ಸುತ್ತ ನಾಲ್ಕು ಸಲ ಉಜ್ಜಿದರು, ಹೊರಟಿತು. ಮದುವೆ ಹೆಣ್ಣಿಗೆ ಮೂಗಿನ ಒಳಗೂ ಪೌಡರು ಹಾಕಿದ್ದೀಯಾ ಮೋಳೆ, ಉಸಿರಾಡುವುದು ಬೇಡವಾ ಎಂದರು.

ಇನ್ನೊಂದು ಆಯುಧ ಪೂಜೆಯ ಕಥೆ. ನಮ್ಮ ಕ್ಲಬ್ಬಿನಲ್ಲಿ ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆಯಾದರೆ ಕೆಲವರು ಮೋವರಿಗೂ ಹೂವಿಡುತ್ತಿದ್ದರು, ಮತ್ತೆ ಆಯುಧ ಪೂಜೆಗೆ ಇನ್ನೊಮ್ಮೆ. ಎರಡು ಹಬ್ಬಕ್ಕೂ ಅದಕ್ಕೆ ಪೈಪಿನಲ್ಲಿ ನೀರು ಬಿಟ್ಟು ಮೈ ತೊಳೆಯುವುದು, ಗಂಧ ಕುಂಕುಮ ಇಡುವುದು. ಗಂಧ ಇಡಲು ಎತ್ತರದ ಜಾಗ ಬೇಕಲ್ಲ, ಬ್ಯಾಟರಿಯ ಟರ್ಮಿನಲ್ಲು ಸರಿಯಾಗಿ ಹಣೆಯ ಹಾಗೇ ಇತ್ತು. ಹಬ್ಬದ ಮರುದಿನ ಎರಡೂ ಮೋವರ್ ಮೌನ. ಅಲ್ಲಿಂದಾಚೆಗೆ ಹಬ್ಬದ ಹಿಂದಿನ ದಿನವೇ ಬ್ಯಾಟರಿ ಬಿಚ್ಚಿಟ್ಟು, ಸ್ವಿಚ್ಚುಗಳಿಗೆ ಪ್ಲಾಸ್ಟಿಕ್ ಸುತ್ತಿ, ಗಂಧಕ್ಕೆ ಬಾನೆಟ್ಟು ತೋರಿಸಿ ಮನೆಗೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ಮಷೀನ್ ನಿಲ್ಲಿಸಿಟ್ಟರೆ ಇಲಿಗಳು ಬಾನೆಟ್ಟಿನೊಳಗೆ ಹುಲ್ಲಿನ ಗೂಡು ಕಟ್ಟಿ ವೈರು ಕಡಿಯುವುದು ಪ್ರತಿ ವರ್ಷದ ಮಾತು, ಅದನ್ನು ತಪ್ಪೆಂದು ಲೆಕ್ಕ ಹಿಡಿಯುವುದಿಲ್ಲ.

ನಮ್ಮ ಮೇಲಿನವರು ಕ್ಲಬ್ಬಿನ ಸೆಕ್ರೆಟರಿ. ಸೈನ್ಯದಿಂದ ನಿವೃತ್ತರಾದ ಮೇಜರ್ ಸಾಹೇಬರು. ಬೆತ್ತ ಹಿಡಿದು ಬೆಳಗ್ಗೆ ಒಂಬತ್ತೂ ಹೋಲು ನಡೆಯುತ್ತಿದ್ದರು. ಅಲ್ಲಲ್ಲಿ ಬಗ್ಗಿ ಅಂಗೈಯಿಂದ ಹುಲ್ಲು ಸವರಿ ಎತ್ತರ ನೋಡುತ್ತಿದ್ದರು. ಜೋರು ಮಾತಾಡಿದ್ದು ನಾನು ಕೇಳಿಲ್ಲ. ನನ್ನನ್ನು ಕೊನೆಯ ದಿನದವರೆಗೂ ಮಿಸ್ ಗಿರಿಜಾ ಎಂದರು, ನಾನು ಬಾಗಿಲಿಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ಅಂಥವರಿಗೆ ಸುಳ್ಳು ಹೇಳುವುದು ಸುಲಭ, ಅದು ನಾನು ಕಲಿತ ಕೆಟ್ಟ ವಿಷಯ.

ಈಗ ಬೆಳ್ಯಪ್ಪ.

ಬೆಳ್ಯಪ್ಪ ಮೋವರ್ ಓಡಿಸುವವನು. ಸಂಪಾಜೆ ಕಡೆಯವನು. ಮನೆಯಲ್ಲಿ ಅರೆಭಾಷೆ, ಹೊರಗೆ ಎದುರಿದ್ದವರ ಭಾಷೆ. ನನಗಿಂತ ಆರೇಳು ವರ್ಷ ಚಿಕ್ಕವನು, ಅಕ್ಕ ಎನ್ನುತ್ತಿದ್ದ. ಮೊದಲಿನಿಂದಲೂ ತೆಳ್ಳಗೆ. ಹೆಂಡತಿ ಲೀಲಾ ಕ್ಲಬ್ಬಿನ ಅಡುಗೆಮನೆಯಲ್ಲಿ. ಇಬ್ಬರೂ ಕ್ಲಬ್ಬಿನ ಹಿಂದಿನ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಒಂದು ಮನೆಯಲ್ಲಿದ್ದರು. ಆ ಮನೆ ಬೆಳ್ಯಪ್ಪನ ಕೆಲಸಕ್ಕೆ ಸೇರಿದ್ದು. ಕೆಲಸ ಹೋದರೆ ಮನೆಯೂ ಹೋಗುತ್ತದೆ, ಅದು ಲೈನಿನಲ್ಲಿರುವ ಎಲ್ಲರಿಗೂ ಗೊತ್ತಿದ್ದ ಕಾನೂನು. ಹುಲ್ಲಿನ ಮೇಲೆ ಅವನು ಎಳೆದ ಪಟ್ಟೆಗಳು ಸ್ಕೂಲು ಹುಡುಗಿಯ ಜಡೆ ಬೈತಲೆಯ ಹಾಗೆ ನೇರವಾಗಿರುತ್ತಿದ್ದವು. ಮೇಜರ್ ಸಾಹೇಬರು ಕೂಡ ಅವನ ಪಟ್ಟೆಯ ಮೇಲೆ ನಡೆಯದೆ ಬದಿಯಲ್ಲಿ ನಡೆಯುತ್ತಿದ್ದರು.

ಒಂದು ವರ್ಷ, ಕಾಫಿ ಪಿಕಿಂಗ್ ಮುಗಿಯುತ್ತಾ ಬಂದ ಸಮಯ, ಅವನ ಮೋವರ್ ಏಳನೇ ಹೋಲಿನಲ್ಲಿ ನಿಲ್ಲತೊಡಗಿತು. ಅಲ್ಲಿ ನೆಲ ಒಂದು ಬದಿಗೆ ವಾಲಿದೆ, ಅಡ್ಡಡ್ಡ ಓಡಿಸಬೇಕು. ಅರ್ಧಕ್ಕೆ ಬಂದದ್ದೇ ಇಂಜಿನ್ ಸುಮ್ಮನೆ ನಿಂತುಬಿಡುವುದು. ಮತ್ತೆ ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುವುದು. ಇನ್ನು ಇಪ್ಪತ್ತು ಗಜ, ಮತ್ತೆ ನಿಲ್ಲುವುದು.

ಶೆಡ್ಡಿಗೆ ತರಿಸಿ ನೋಡಿದೆ. ಬ್ಯಾಟರಿ ಸರಿ, ಚಾರ್ಜಿಂಗ್ ಸರಿ, ಫ್ಯೂಸು ಸರಿ. ಕೀ ಸ್ವಿಚ್ಚು ಬಿಚ್ಚಿ ಕ್ಲೀನ್ ಮಾಡಿದೆ. ಕನೆಕ್ಟರುಗಳನ್ನು ಒಂದೊಂದಾಗಿ ಎಳೆದು ಹಾಕಿದೆ. ಮೊಯ್ದುಕ್ಕ ಮೇಲೆ ಕೂತು ಒಂದು ಗಂಟೆ ಓಡಿಸಿದರು, ಏಳನೇ ಹೋಲಿನ ಏರಿನಲ್ಲೂ ಓಡಿಸಿದರು. ಒಮ್ಮೆಯೂ ನಿಲ್ಲಲಿಲ್ಲ. ಮರುದಿನ ಬೆಳ್ಯಪ್ಪ ಹತ್ತಿದ, ನಿಂತಿತು. ಮತ್ತೆ ಶೆಡ್ಡು, ಮತ್ತೆ ಮೊಯ್ದುಕ್ಕ, ಮತ್ತೆ ಏನೂ ಇಲ್ಲ. ಹೀಗೆ ಮೂರು ವಾರ.

ಟೆಸ್ಟಿಗೆ ಯಾವಾಗಲೂ ಮೊಯ್ದುಕ್ಕನೇ ಕೂರುವುದು ನಮ್ಮ ಪದ್ಧತಿ. ಮೆಕ್ಯಾನಿಕ್ ಅವರು, ಕಿವಿ ಅವರದು. ದೂರು ಹೇಳಿದವನನ್ನು ಬದಿಯಲ್ಲಿ ನಿಲ್ಲಿಸಿ ನಾವು ಓಡಿಸಿ ನೋಡುತ್ತಿದ್ದೆವು. ನಾವೇನು, ಎಲ್ಲ ವರ್ಕ್‌ಶಾಪಿನವರೂ ಹಾಗೆಯೇ.

ಲೈನಿನಲ್ಲಿ ತಮಾಷೆ ಶುರುವಾಯಿತು. ಏಳನೇ ಹೋಲಿನ ಪಕ್ಕ ಸಿಲ್ವರ್ ಓಕ್ ನೆರಳಿದೆ, ಬೆಳ್ಯಪ್ಪನಿಗೂ ಮೋವರಿಗೂ ಅಲ್ಲೇ ಬೀಡಿ ನೆನಪಾಗುವುದು ಎಂದು. ಅವನೂ ನಗುತ್ತಿದ್ದ. ಮೇಜರ್ ಸಾಹೇಬರು ನಗಲಿಲ್ಲ. ನನ್ನನ್ನು ಕರೆಸಿ, ಕೂರಿಸಿ, ಮೆಲ್ಲಗೆ ಹೇಳಿದರು: "ಐದರ್ ದಿ ಮಷೀನ್ ಈಸ್ ಬ್ಯಾಡ್, ಮಿಸ್ ಗಿರಿಜಾ, ಆರ್ ದಿ ಮ್ಯಾನ್ ಈಸ್. ಯಾವುದೆಂದು ಈ ತಿಂಗಳೊಳಗೆ ನನಗೆ ತಿಳಿಸಿ." ಮೆಂಬರುಗಳ ಕಮಿಟಿ ಸೇರುವುದು ತಿಂಗಳ ಕೊನೆಗೆ. ಮಷೀನಿನಲ್ಲಿ ಏನೂ ಸಿಗದಿದ್ದರೆ ಬೆಳ್ಯಪ್ಪ ಹೋಗಬೇಕು, ಲೈನಿನ ಮನೆ ಬಿಡಬೇಕು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಅದೇ ವಾರ ಬೆಳ್ಯಪ್ಪ ಶೆಡ್ಡಿಗೆ ಬಂದು, ತೂತು ಹೊಡೆಯುವ ಪಂಚ್ ಇದ್ದರೆ ಕೊಡಿ ಅಕ್ಕ ಎಂದ. ಎಂತಕ್ಕೆ ಎಂದೆ. ಬೆಲ್ಟು ಹಿಗ್ಗಿದೆ, ಇನ್ನೊಂದು ತೂತು ಬೇಕು ಎಂದ. ಕೊಟ್ಟೆ. ನನ್ನ ಬೆಂಚಿನ ಮೇಲೆಯೇ ಬೆಲ್ಟು ಇಟ್ಟು, ನನ್ನ ಸುತ್ತಿಗೆಯಿಂದಲೇ ಎರಡು ತೂತು ಹೊಡೆದ. ಒಂದು ಸಾಲದಾ ಎಂದು ಕೇಳಿದೆ. ಇರಲಿ, ಆಮೇಲೆ ಬೇಕಾದೀತು ಎಂದ. ನಾನು ಆ ಹೊತ್ತಿಗೆ ಕೀ ಸ್ವಿಚ್ಚಿನ ಒಳಗೆ ಕಣ್ಣು ನೆಟ್ಟು ಕೂತಿದ್ದೆ.

ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ನನಗೆ ಬುದ್ಧಿ ಬಂತು. ಟೆಸ್ಟ್ ಲ್ಯಾಂಪಿಗೆ ಉದ್ದನೆಯ ವೈರು ಸೇರಿಸಿ, ಒಂದೊಂದು ಸೇಫ್ಟಿ ಸ್ವಿಚ್ಚಿಗೂ ಸಿಕ್ಕಿಸಿ, ಬೆಳ್ಯಪ್ಪನನ್ನೇ ಕೂರಿಸಿ, ಮಷೀನಿನ ಪಕ್ಕದಲ್ಲಿ ನಾನು ನಡೆಯುವುದು. ಇಷ್ಟು ಸರಳ. ಮೂರು ವಾರ ಬೇಕಾಯಿತು. ಬಿಸಿಲಲ್ಲಿ ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಉರಿಯುವ ಬಲ್ಬು ಹಿಡಿದು ಮೋವರಿನ ಜೊತೆ ಓಡುತ್ತಿದ್ದರೆ ಕಳೆ ಕೀಳುವ ಹೆಂಗಸರು ಎದ್ದು ನಿಂತು ನೋಡಿದರು. ಅಕ್ಕ ಹಗಲಲ್ಲಿ ದೀಪ ಹಿಡ್ಕೊಂಡು ಗಂಡು ಹುಡುಕ್ಲಿಕ್ಕೆ ಹೊರಟಿದ್ದಾರೆ ಎಂದು ಒಬ್ಬಳು ಕೂಗಿದಳು.

ಬ್ರೇಕಿನ ಸ್ವಿಚ್ಚಿಗೆ ಸಿಕ್ಕಿಸಿದಾಗ ಏರಿನಲ್ಲಿ ಇಂಜಿನ್ ನಿಂತರೂ ಬಲ್ಬು ಆರಲಿಲ್ಲ. ಬ್ಲೇಡಿನ ಸ್ವಿಚ್ಚಿಗೂ ಆರಲಿಲ್ಲ. ಸೀಟಿನ ಸ್ವಿಚ್ಚಿಗೆ ಸಿಕ್ಕಿಸಿ ಏರಿಗೆ ಬಂದಾಗ, ಬೆಳ್ಯಪ್ಪ ಉರುಳದ ಹಾಗೆ ಮೇಲಿನ ಬದಿಗೆ ವಾಲಿದ, ಬಲ್ಬು ಆರಿತು, ಇಂಜಿನ್ ನಿಂತಿತು.

ಸೀಟಿನ ಕೆಳಗೆ ಒಂದು ಸ್ವಿಚ್ಚಿರುತ್ತದೆ. ಓಡಿಸುವವನು ಕೂತರೆ ಸ್ಪ್ರಿಂಗು ಕುಗ್ಗಿ ಸ್ವಿಚ್ಚು ಸೇರುತ್ತದೆ. ಅವನು ಬಿದ್ದರೆ ಅಥವಾ ಇಳಿದರೆ ಸೀಟು ಮೇಲೆದ್ದು ಸ್ವಿಚ್ಚು ಬಿಡುತ್ತದೆ, ಇಂಜಿನ್ನೂ ಬ್ಲೇಡೂ ನಿಲ್ಲುತ್ತವೆ. ಕೈಕಾಲು ಉಳಿಯಲೆಂದು ಮಾಡಿದ್ದು. ಬೆಳ್ಯಪ್ಪ ಏರಿನಲ್ಲಿ ವಾಲಿದಾಗ ಸೀಟಿನ ಮೇಲೆ ಬೀಳುವ ಭಾರ ಸ್ಪ್ರಿಂಗಿಗೆ ಸಾಲುತ್ತಿರಲಿಲ್ಲ. ಮಷೀನಿನ ಲೆಕ್ಕದಲ್ಲಿ ಸೀಟಿನ ಮೇಲೆ ಯಾರೂ ಇರಲಿಲ್ಲ. ಮೊಯ್ದುಕ್ಕ ಕೂತರೆ ಸ್ಪ್ರಿಂಗಿನದು ಹೋಗಲಿ, ಟಯರಿನ ಗಾಳಿಯೂ ಅರ್ಧ ಇಳಿಯುತ್ತಿತ್ತು, ಮತ್ತೆ ಹೇಗೆ ನಿಂತೀತು.

ಆ ದಿನ ನನಗಾದ ಖುಷಿಯನ್ನು ಈಗ ನೆನೆಸಿಕೊಳ್ಳಲು ಹಿಂಸೆಯಾಗುತ್ತದೆ. ಬೆಳ್ಯಪ್ಪ ಸೀಟಿನ ಮೇಲೆಯೇ ಕೂತು ನಕ್ಕ. ನೋಡಿ ಅಕ್ಕ, ನಾ ಬೀಡಿಗೆ ನಿಲ್ಸಿದ್ದಲ್ಲ ಎಂದ. ಅವನ ಕಣ್ಣಿನಲ್ಲಿ ನೀರು ಬಂದದ್ದನ್ನು ಕಂಡೂ ನಾನು ಕಾಣದವಳ ಹಾಗೆ ವೈರು ಸುತ್ತಿದೆ.

ಕಡಿಮೆ ಭಾರಕ್ಕೆ ಕುಗ್ಗುವ ಬೇರೆ ಸ್ಪ್ರಿಂಗು ಸಿಗುತ್ತದೆ, ಆದರೆ ಹೊರದೇಶದಿಂದ ಬರಲು ಎರಡು ತಿಂಗಳು. ಕಮಿಟಿಗೆ ನಾಲ್ಕು ದಿನ. ಸೀಟಿನ ಸ್ವಿಚ್ಚಿನ ಎರಡು ವೈರನ್ನು ಒಂದಕ್ಕೊಂದು ಸೇರಿಸಿ, ಹೆಣೆದು, ಟೇಪು ಸುತ್ತಿದೆ. ಇನ್ನು ಸೀಟಿನ ಮೇಲೆ ಯಾರು ಕೂತರೂ, ಕೂರದಿದ್ದರೂ ಮಷೀನ್ ಓಡುತ್ತದೆ. ಬ್ಲೇಡು ನಿಲ್ಲಿಸದೆ ಇಳಿಯಬೇಡ ಎಂದು ಬೆಳ್ಯಪ್ಪನಿಗೆ ಎರಡು ಸಲ ಹೇಳಿದೆ. ಮೇಜರ್ ಸಾಹೇಬರಿಗೆ ಒಂದು ಕನೆಕ್ಷನ್ ಸಡಿಲವಿತ್ತು, ಸರಿ ಮಾಡಿದ್ದೇನೆ ಎಂದೆ. ವೆಲ್ ಡನ್ ಎಂದರು. ಜಾಬ್ ಬುಕ್ಕಿನಲ್ಲಿ ನೀಟಾದ ಕಾನ್ವೆಂಟ್ ಅಕ್ಷರದಲ್ಲಿ ಬರೆದೆ: ಸೀಟಿನ ಸ್ಪ್ರಿಂಗ್ ಹಳೆಯದಾಗಿ ಗಟ್ಟಿಯಾಗಿದೆ, ಹೊಸದು ತರಿಸಬೇಕು.

ಆ ಸಾಲನ್ನು ನೀವು ಇನ್ನೊಮ್ಮೆ ಓದಬೇಕು, ಹುಡುಗಿಯರೇ. ಸ್ಪ್ರಿಂಗು ಹಳೆಯದಾದರೆ ಮೆತ್ತಗಾಗುತ್ತದೆ. ಗಟ್ಟಿಯಾಗುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅದೇ ಸೀಟು, ಅದೇ ಸ್ಪ್ರಿಂಗು, ಅದೇ ಏರು, ಅದೇ ಮನುಷ್ಯ, ಆರು ವರ್ಷ ನಿಲ್ಲದ್ದು ಈಗ ಏಕೆ ನಿಲ್ಲುತ್ತಿದೆ? ಸ್ಪ್ರಿಂಗು ಬದಲಾಗಿಲ್ಲವೆಂದರೆ ಬದಲಾಗಿರುವುದು ಇನ್ನೊಂದೇ. ದೋಷ ಎಲ್ಲಿದೆ ಎಂಬಲ್ಲಿಗೆ ಬಂದು ನಿಂತೆ. ಏಕೆ ಎಂದು ಕೇಳಲಿಲ್ಲ. ಮಷೀನ್ ಓಡಿತಲ್ಲ.

ಆರು ವಾರ ಓಡಿತು.

ಒಂದು ಬೆಳಗ್ಗೆ ಕಳೆ ಕೀಳುವ ಹೆಂಗಸರ ಬೊಬ್ಬೆ ಕೇಳಿ ಓಡಿದೆವು. ಐದನೇ ಹೋಲಿನ ಸಮತಟ್ಟು ಜಾಗದಲ್ಲಿ ಬೆಳ್ಯಪ್ಪ ಹುಲ್ಲಿನ ಮೇಲೆ ಬಿದ್ದಿದ್ದ. ಮೋವರ್ ಅವನಿಲ್ಲದೆ ಮುಂದೆ ಹೋಗಿತ್ತು, ಬ್ಲೇಡು ತಿರುಗುತ್ತಲೇ ಇತ್ತು. ಬೇಲಿ ಮುರಿದು ಕಾಫಿ ಗಿಡಗಳ ನಡುವೆ ಸಿಕ್ಕಿಕೊಂಡು ಗೊರಗೊರ ಎನ್ನುತ್ತಿತ್ತು. ಮೊಯ್ದುಕ್ಕ ಹೋಗಿ ಕೀ ತಿರುಗಿಸಿದ ಮೇಲೆಯೇ ನಿಂತದ್ದು. ಬೆಳ್ಯಪ್ಪನ ಎಡಗಾಲಿನ ಗಂಬೂಟಿನ ಹಿಮ್ಮಡಿ ಇರಲಿಲ್ಲ. ರಬ್ಬರು ಚಾಕುವಿನಲ್ಲಿ ಕೊಯ್ದ ಹಾಗೆ ಹೋಗಿತ್ತು. ಒಳಗಿನ ಕಾಲಿಗೆ ಏನೂ ಆಗಿರಲಿಲ್ಲ. ಬೂಟು ಅವನಿಗೆ ಆಗಲೇ ದೊಡ್ಡದಾಗಿತ್ತು, ಹಿಮ್ಮಡಿಯಲ್ಲಿ ಜಾಗ ಖಾಲಿ ಇತ್ತು.

ತಲೆ ತಿರುಗಿತು ಎಂದ. ನೀರು ಕುಡಿದ, ವಾಂತಿ ಮಾಡಿಕೊಂಡ. ಅವನನ್ನು ಎತ್ತಿ ಜೀಪಿನಲ್ಲಿ ಕೂರಿಸಿದ್ದು ಮೊಯ್ದುಕ್ಕ. ಕೂರಿಸಿ ಬಂದು ನನ್ನ ಹತ್ತಿರ ನಿಂತು ತಗ್ಗಿದ ದನಿಯಲ್ಲಿ, ಮೋಳೆ, ಅವನಲ್ಲಿ ಭಾರವೇ ಇಲ್ಲ ಎಂದರು. ನಾನು ಆ ಕ್ಷಣಕ್ಕೆ ಎಲ್ಲವನ್ನೂ ಒಟ್ಟಿಗೆ ನೋಡಿದೆ. ಬೆಲ್ಟಿನ ತೂತು, ಬಲ್ಬು, ಸ್ಪ್ರಿಂಗು, ನನ್ನ ಅಕ್ಷರ.

ಮೇಜರ್ ಸಾಹೇಬರ ರೂಮಿಗೆ ಕರೆ ಬಂತು. ಆಗಲೇ ಯಾರೋ ಬೆಳ್ಯಪ್ಪ ಕುಡಿದಿದ್ದನೆಂದು ಹೇಳಿಯಾಗಿತ್ತು. ಬೆಳಗ್ಗೆ ಎಂಟು ಗಂಟೆಗೆ ಕುಡಿದು ಮೋವರಿನಿಂದ ಬೀಳುವವನನ್ನು ಯಾವ ಕಮಿಟಿಯೂ ಉಳಿಸುವುದಿಲ್ಲ. ಅವರ ಮೇಜಿನ ಮೇಲೆ ಮ್ಯಾನ್ಯುಯಲ್ ತೆರೆದಿತ್ತು, ನಾನು ಎಷ್ಟೋ ಸಲ ಓದಿ ಅಂಚು ಜಿಡ್ಡಾದ ಮ್ಯಾನ್ಯುಯಲ್ಲು.

"ಇವನು ಬಿದ್ದರೆ ಮಷೀನ್ ನಿಲ್ಲಬೇಕಿತ್ತಲ್ಲವೆ, ಮಿಸ್ ಗಿರಿಜಾ?"

ಹೌದು ಎಂದು ಸುಮ್ಮನಾಗಬಹುದಿತ್ತು. ಸ್ವಿಚ್ಚು ಕೆಟ್ಟಿರಬೇಕು ಎನ್ನಬಹುದಿತ್ತು. ಶೆಡ್ಡಿಗೆ ಹೋಗಿ ಟೇಪು ಬಿಚ್ಚಿ ವೈರು ಬೇರೆ ಮಾಡಲು ಎರಡು ನಿಮಿಷ ಸಾಕು. ಈ ಮೂರೂ ಯೋಚನೆ ನನಗೆ ಬಂದವು, ಬರಲಿಲ್ಲ ಎಂದು ಹೇಳಲಾರೆ.

"ನಿಲ್ಲಬೇಕಿತ್ತು, ಸರ್. ನಿಲ್ಲದ ಹಾಗೆ ಮಾಡಿದವಳು ನಾನು. ಅವನು ಕುಡಿದಿರಲಿಲ್ಲ, ಅವನಿಗೆ ಕಾಯಿಲೆ. ಅದೂ ನನಗೆ ಗೊತ್ತಾಗಬೇಕಿತ್ತು."

ಎಲ್ಲ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿದರು. ಕೊನೆಗೆ ಹೇಳಿದ್ದು ನಾಲ್ಕೇ ಪದ: "ಯೂ, ಆಫ್ ಆಲ್ ಪೀಪಲ್." ಅಷ್ಟು ವರ್ಷದಲ್ಲಿ ಅವರು ನನಗೆ ಬೈದದ್ದು ಅಷ್ಟೇ. ಶೆಡ್ಡಿನ ಕೀ ಮೇಜಿನ ಮೇಲಿಟ್ಟು ಬಂದೆ. ಎರಡು ತಿಂಗಳು ಮತ್ತೆ ಟೈಪಿಂಗ್. ಬೆಳ್ಯಪ್ಪನ ಮೇಲಿನ ಕುಡಿತದ ಮಾತು ಅಲ್ಲಿಗೇ ನಿಂತಿತು, ಲೈನಿನ ಮನೆಯ ವಿಷಯ ಕಮಿಟಿಯಲ್ಲಿ ಯಾರೂ ಎತ್ತದ ಹಾಗೆ ಸಾಹೇಬರು ನೋಡಿಕೊಂಡರು. ಅದನ್ನು ಅವರು ನನಗೆ ಹೇಳಲಿಲ್ಲ, ಮಿನಿಟ್ಸ್ ಟೈಪ್ ಮಾಡುವವಳು ನಾನೇ ಆದ್ದರಿಂದ ಗೊತ್ತಾಯಿತು.

ಮಡಿಕೇರಿಯ ಆಸ್ಪತ್ರೆಗೆ ಲೀಲಾಳ ಜೊತೆ ನಾನೂ ಹೋದೆ. ಯಾವಾಗಿನಿಂದ ತೂಕ ಇಳಿಯುತ್ತಿದೆ ಎಂದು ಡಾಕ್ಟರು ಕೇಳಿದರು. ಲೀಲಾ, ಅವ್ರು ಮೊದ್ಲಿಂದ್ಲೂ ಸಣ್ಣಗೇ ಎಂದಳು. ಊಟ ಬಿಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು, ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕೊಡುತ್ತಿದ್ದಳು. ನಾನು ಬ್ಯಾಗಿನಿಂದ ಜಾಬ್ ಬುಕ್ಕು ತೆಗೆದು, ಮೋವರ್ ಮೊದಲ ಸಲ ಏಳನೇ ಹೋಲಿನಲ್ಲಿ ನಿಂತ ತಾರೀಕು ತೋರಿಸಿದೆ. ಆ ದಿನಕ್ಕೆ ಇವನ ತೂಕ ಸ್ಪ್ರಿಂಗಿನ ಮಿತಿಗಿಂತ ಕೆಳಗೆ ಬಂದಿದೆ, ಡಾಕ್ಟರೇ, ಅದಕ್ಕೆ ಮೊದಲು ಇರಲಿಲ್ಲ ಎಂದೆ. ಚಿಕ್ಕ ವಯಸ್ಸಿನ ಡಾಕ್ಟರು. ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ, ತಾರೀಕನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರು.

ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ನಿಗೆ ಮೈಸೂರು. ಆರು ವಾರ ಮುಂಚೆ ಬಂದಿದ್ದರೆ ಎಂದು ಡಾಕ್ಟರನ್ನು ಕಾರಿಡಾರಿನಲ್ಲಿ ಒಬ್ಬಳೇ ನಿಂತು ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಮೇಡಂ, ಬಹುಶಃ ವ್ಯತ್ಯಾಸ ಆಗುತ್ತಿರಲಿಲ್ಲ ಎಂದರು. ಆ ಬಹುಶಃವನ್ನು ಇಟ್ಟುಕೊಂಡು ನಾನು ಇಷ್ಟು ವರ್ಷ ಬದುಕಿದ್ದೇನೆ. ಕೆಲವು ದಿನ ಅದು ಸಾಕಾಗುತ್ತದೆ, ಕೆಲವು ದಿನ ಇಲ್ಲ.

ಆಮೇಲೆ ಕೆಲಸಕ್ಕೆ ಬಂದ ಎಲ್ಲರಿಗೂ ನಾನು ಒಂದೇ ಮಾತು ಹೇಳಿದೆ. ದೂರು ತಂದವನನ್ನೇ ಕೂರಿಸಿ ನೋಡಿ. ಅವನು ಕೂತಾಗ ಮಾತ್ರ ಕೆಡುವ ಮಷೀನ್ ಇದ್ದರೆ ಮಷೀನನ್ನು ಬಿಟ್ಟು ಅವನನ್ನು ನೋಡಿ. ಸೇಫ್ಟಿ ಸ್ವಿಚ್ಚಿಗೆ ವೈರು ಹೆಣೆಯಬೇಡಿ ಎಂದು ನಾನು ಹೇಳಬೇಕಾಗಿಲ್ಲ, ಅದು ನಿಮ್ಮ ಬುಕ್ಕಿನಲ್ಲೇ ದಪ್ಪ ಅಕ್ಷರದಲ್ಲಿ ಇದೆ. ನಮ್ಮ ಬುಕ್ಕಿನಲ್ಲೂ ಇತ್ತು. ಕನ್ನಡ ಮಾಡಿ ಎಲ್ಲರಿಗೂ ಓದಿ ಹೇಳಿದವಳು ನಾನೇ.

ಬೆಳ್ಯಪ್ಪನನ್ನು ಕೊನೆಯ ಸಲ ನೋಡಿದ್ದು ಮಳೆಗಾಲ ಮುಗಿದ ಮೇಲೆ. ಆಪರೇಷನ್ ಆಗಿ, ಔಷಧಿಗೆ ಮೈಸೂರಿಗೆ ಹೋಗಿ ಬರುತ್ತಿದ್ದ. ಹೊಸ ಸ್ಪ್ರಿಂಗು ಬಂದಿತ್ತು, ಕಡಿಮೆ ಭಾರದ್ದು. ನನಗೆ ಶೆಡ್ಡಿನ ಕೀ ವಾಪಸು ಸಿಕ್ಕ ದಿನ ನಾನು ಮಾಡಿದ ಮೊದಲ ಕೆಲಸ, ಅಲ್ಲಿಯವರೆಗೆ ಸಾಹೇಬರು ಓಡಿಸಲು ಬಿಡದೆ ನಿಲ್ಲಿಸಿಟ್ಟಿದ್ದ ಆ ಮೋವರಿನ ಟೇಪು ಬಿಚ್ಚಿ, ಆ ಸ್ಪ್ರಿಂಗು ಹಾಕಿದ್ದು. ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಗಂಡಹೆಂಡತಿ ಶೆಡ್ಡಿಗೆ ಬಂದರು. ಅಂಗಿಯ ಮೇಲೆ ಸ್ವೆಟರು, ಅದರ ಮೇಲೆ ಇನ್ನೊಂದು ಸ್ವೆಟರು. ಒಮ್ಮೆ ಕೂರ್ಲಾ ಅಕ್ಕ ಎಂದ. ಸೀಟಿನ ಮೇಲಿದ್ದ ಟೂಲ್ ಬಾಕ್ಸು ತೆಗೆದು ಕೆಳಗಿಟ್ಟೆ.

ಹತ್ತಿ ಕೂತ. ಬ್ರೇಕ್ ಪೆಡಲು ತುಳಿದು ಕೀ ತಿರುಗಿಸಿದ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬ್ರೇಕು ತುಳಿದಿರುವವರೆಗೆ ಸೀಟಿನ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಕಾಲು ತೆಗೆದ, ಇಂಜಿನ್ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದ. ಈ ಸಲ ಸೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು ತನ್ನನ್ನು ಕೆಳಕ್ಕೆ ಎಳೆದುಕೊಂಡು ಕಾಲು ತೆಗೆದ. ನಿಂತಿತು. ನೆಲ ಸಮತಟ್ಟಾಗಿತ್ತು, ಸ್ಪ್ರಿಂಗು ಹೊಸದು. ಲೀಲಾ ಬಾಗಿಲಿನ ಕಡೆ ತಿರುಗಿ ಬಸ್ಸು ನೋಡುವವಳ ಹಾಗೆ ನಿಂತಳು. ನನ್ನ ಕೈ ಅಭ್ಯಾಸಬಲದಿಂದ ಟೂಲ್ ಬಾಕ್ಸಿನ ಕಡೆ ಹೋಗಿತ್ತು.

"ಎಂತ ಹುಡುಕ್ಬೇಡಿ ಅಕ್ಕ," ಎಂದ ಬೆಳ್ಯಪ್ಪ. "ಈಗ ಮಷೀನ್ ಸರಿ ಉಂಟು."

ಇಳಿದು, ಟವೆಲಿನಿಂದ ಸೀಟು ಒರೆಸಿದ. ಬರುತ್ತೇನೆ ಎಂದ. ಗೇಟಿನವರೆಗೆ ನಾನೂ ಹೋದೆ. ವಿರಾಜಪೇಟೆಯಿಂದ ಮೈಸೂರಿಗೆ ಹೋಗುವ ಬಸ್ಸು ಬಂತು, ಮೆಟ್ಟಿಲು ಎತ್ತರ. ಲೀಲಾ ಮೊದಲು ಹತ್ತಿದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದಿದ್ದಳು, ಅದನ್ನು ಕೆಳಗಿಡಲಿಲ್ಲ. ಇನ್ನೊಂದು ಕೈ ಚಾಚಿ ಅವನನ್ನು ಮೇಲಕ್ಕೆತ್ತಿಕೊಂಡಳು.